ನಾಯಿಯ ಬದಲು ದೇವದೂತ ಇರುವ ಗ್ರಾಮಫೋನ್ ಪ್ಲೇಟು ಯಾವ ಕಾಲದ್ದು?

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪ್ಲೇಟಿನ ಮೇಲೆ ಎಚ್‌ಎಂವಿಯ ನಾಯಿ ಇಲ್ಲ, ರೆಕ್ಕೆಯಿರುವ ಮಗು ಕೂತು ಏನೋ ಬರೀತಿದೆ, ಇದು ನಕಲಿಯಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ನಕಲಿ ಅನ್ನಬೇಡಿ. 1898ರಲ್ಲಿ ಲಂಡನ್ನಿನಲ್ಲಿ ಶುರುವಾದ ಗ್ರಾಮಫೋನ್ ಕಂಪನಿಯ ಮೊದಲ ಗುರುತೇ ಆ ದೇವದೂತ. ಗರಿಯ ಲೇಖನಿ ಹಿಡಿದು ತಟ್ಟೆಯ ಮೇಲೆ ಗೀರು ಕೊರೆಯುತ್ತಿದೆ, ನೋಡಿ.

ನಾಯಿ ಬಂದದ್ದು ಆಮೇಲೆ. ನಿಪ್ಪರ್ ಎಂಬ ಆ ನಾಯಿ 1895ರಲ್ಲೇ ಸತ್ತಿತ್ತು. ಅದನ್ನು ಸಾಕಿದ್ದ ಚಿತ್ರಕಾರ ಫ್ರಾನ್ಸಿಸ್ ಬರಾಡ್, ಅದು ಫೋನೋಗ್ರಾಫ್ (ಪ್ಲೇಟಿನ ಬದಲು ಉರುಳೆಯಿಂದ ಹಾಡಿಸುವ ಯಂತ್ರ) ಕೇಳುತ್ತಿರುವಂತೆ ಚಿತ್ರ ಬರೆದ. ಚಿತ್ರಕ್ಕೆ ಹಿತ್ತಾಳೆಯ ಹಾರ್ನ್ ಇದ್ದರೆ ಚೆನ್ನ ಅನ್ನಿಸಿ, 1899ರಲ್ಲಿ ಒಂದನ್ನು ಕೇಳಲು ಗ್ರಾಮಫೋನ್ ಕಂಪನಿಗೆ ಹೋದ. ಫೋನೋಗ್ರಾಫ್ ತೆಗೆದು ನಮ್ಮ ಯಂತ್ರ ಬರೆದರೆ ಚಿತ್ರವನ್ನೇ ಕೊಳ್ಳುತ್ತೇವೆ ಎಂದರು ಕಂಪನಿಯವರು. ಬರಾಡ್ ಅದರ ಮೇಲೆಯೇ ಬಣ್ಣ ಬಳಿದು ತಿದ್ದಿದ. 100 ಪೌಂಡ್ ಸಿಕ್ಕಿತು. ಮೂಲ ಚಿತ್ರವನ್ನು ಓರೆ ಬೆಳಕಿನಲ್ಲಿ ನೋಡಿದರೆ ಅಡಿಯಲ್ಲಿ ಹಳೆಯ ಫೋನೋಗ್ರಾಫಿನ ಆಕಾರ ಈಗಲೂ ಕಾಣುತ್ತದೆ. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಆದರೆ ಚಿತ್ರದ ವರ್ಷವನ್ನೇ ಪ್ಲೇಟಿನ ವರ್ಷ ಅಂದುಕೊಳ್ಳಬೇಡಿ. ಮೊದಮೊದಲು ನಾನೂ ಹಾಗೇ ತಪ್ಪಿದ್ದೆ. ಆ ಕಂಪನಿಯ ಲೇಬಲ್‌ಗಳ ಮೇಲೆ ನಾಯಿ ಬಂದದ್ದು 1909ರಿಂದ. ಮರುವರ್ಷ, ಗ್ರಾಮಫೋನ್ ಅನ್ನುವುದು ಎಲ್ಲರೂ ಬಳಸುವ ಮಾತು, ನಿಮ್ಮೊಬ್ಬರದಲ್ಲ ಎಂದು ಬ್ರಿಟಿಷ್ ಕೋರ್ಟ್ ಹೇಳಿತು. ವನಸ್ಪತಿಗೆಲ್ಲ ನಾವು ಡಾಲ್ಡಾ ಅಂತೀವಲ್ಲ, ಹಾಗೆ. ಹೆಸರು ಕೈತಪ್ಪಿದ ಮೇಲೆ ಕಂಪನಿ ನಾಯಿಯನ್ನೂ ಆ ಚಿತ್ರದ ಹೆಸರಾದ 'ಹಿಸ್ ಮಾಸ್ಟರ್ಸ್ ವಾಯ್ಸ್' (ಎಚ್‌ಎಂವಿ) ಎಂಬ ಮಾತನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು.

ಎಲ್ಲ ಕಡೆ ಒಂದೇ ದಿನ ಲೇಬಲ್ ಬದಲಾಗಲಿಲ್ಲ. ಅದಕ್ಕೇ ಚಿತ್ರಕ್ಕಿಂತ ಕಂಪನಿಯ ಹೆಸರು ಒಳ್ಳೆಯ ಸುಳಿವು. 'ಗ್ರಾಮಫೋನ್ ಅಂಡ್ ಟೈಪ್‌ರೈಟರ್' ಅಂತಿದ್ದರೆ ಆ ಲೇಬಲ್ 1900ರ ಕೊನೆಯಿಂದ 1907ರ ನಡುವಿನದು. ಆಗ ಅವರು ಟೈಪ್‌ರೈಟರ್ ಕೂಡ ಮಾರುತ್ತಿದ್ದರು. 'ಹ್ಯಾನೋವರ್' ಅಂತಿದ್ದರೆ ಜರ್ಮನಿಯಲ್ಲಿ ಒತ್ತಿದ್ದು. 1902ರಲ್ಲಿ ಕಲ್ಕತ್ತೆಯಲ್ಲಿ ಆ ಕಾಲದ ಹೆಸರಾಂತ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನೂ ಅಲ್ಲಿಗೇ ಕಳಿಸಿ ಪ್ಲೇಟು ಮಾಡಿಸಿದರು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗುವುದು ಕೇಳಿರಬಹುದು. ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ.

ಲೇಬಲ್ಲಿನ ಫೋಟೋ ಹಾಕಿ. ಲೇಬಲ್ಲಿಗೂ ಗೀರುಗಳಿಗೂ ನಡುವಿನ ಖಾಲಿ ಜಾಗದಲ್ಲಿ ಸಣ್ಣ ನಂಬರ್ ಇರುತ್ತೆ, ಅದನ್ನೂ ತೆಗೆಯಿರಿ. ಹಾಡು ಎರಡೂ ಕಡೆ ಇದೆಯಾ, ಒಂದೇ ಕಡೆಯಾ ತಿಳಿಸಿ. ದಯವಿಟ್ಟು ಸ್ಪಿರಿಟ್ ಹಾಕಿ ಮಾತ್ರ ಒರೆಸಬೇಡಿ. ಆ ಕಾಲದ ಪ್ಲೇಟು ಅರಗಿನದು, ಕರಗಿಬಿಡುತ್ತೆ.