30ನೇ ವಯಸ್ಸಲ್ಲಿ, ಇರೋ ಕೆಲಸ ಬಿಡದೆ ಎಲ್‌ಎಲ್‌ಬಿ ಮಾಡಿದ್ರೆ ಮುಂದೆ ಏನೇನು ಆಗಬಹುದು?

ನಿಮಗೀಗ 30, ನನಗೆ ಆಗ 25. ಅಷ್ಟು ಬಿಟ್ರೆ ಈ ಪ್ರಶ್ನೆ ನಾನೇ ಬರೆದಿರೋ ಹಾಗಿದೆ. ಸೇಫ್ಟಿಗೆ ಒಂದು ಲಾ ಡಿಗ್ರಿ ಇರ್ಲಿ, ಆಮೇಲೆ ಜಡ್ಜೋ ಬ್ಯಾಂಕೋ ಕಂಪನಿನೋ ನೋಡ್ಕೊಂಡ್ರಾಯ್ತು ಅಂತ.

ನಾನು ಬಿಕಾಂ ಮಾಡಿ ತುಮಕೂರಲ್ಲಿ ಆಡಿಟರ್ ಒಬ್ಬರ ಹತ್ರ ಕೆಲಸಕ್ಕಿದ್ದೆ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಆಫೀಸು, ಹಂಗೇ 3 ವರ್ಷದ ಎಲ್‌ಎಲ್‌ಬಿ 2013ರಲ್ಲಿ ಮುಗೀತು. ಅದೇ ವರ್ಷ ವಕೀಲಿಕೆ ಮಾಡೋಕೆ ಬಾರ್ ಕೌನ್ಸಿಲ್ (ವಕೀಲರ ಪರಿಷತ್ತು) ಕೊಡೋ ಸನದು ತಗೊಂಡು ತಿಪಟೂರಲ್ಲಿ ಒಬ್ಬ ಸೀನಿಯರ್ ಹತ್ರ ಸೇರ್ಕೊಂಡೆ, ತಿಂಗಳಿಗೆ 3 ಸಾವಿರ ಕೊಡೋರು. ಬೆಳಿಗ್ಗೆ ಕೇಸ್ ಕಟ್ಟು ಹಿಡ್ಕೊಂಡು ಕೋರ್ಟಿಗೆ ಹೋಗೋದು, ವಾಯಿದೆ (ಕೇಸಿಗೆ ಮುಂದಿನ ತಾರೀಕು) ತಗೊಳೋದು, ಡೈರಿ ಬರೆಯೋದು, ನಕಲಿಗೆ ಅರ್ಜಿ ಹಾಕೋದು, ಸಂಜೆ ಪಾರ್ಟಿಗಳು ತಂದ ಪಹಣಿ, ವಂಶವೃಕ್ಷ ಎಲ್ಲ ಹರಡ್ಕೊಂಡು ಆಸ್ತಿ ಭಾಗದ ದಾವೆ ಡ್ರಾಫ್ಟ್ ಮಾಡೋದು. ಆ ಕೆಲಸ ನನಗೆ ತುಂಬಾ ಇಷ್ಟ ಆಗಿತ್ತು. ಆದ್ರೆ ಅಪ್ಪಂಗೆ ಹಾರ್ಟ್ ಆಪರೇಷನ್ ಆಯ್ತು, ಸಾಲ ಆಯ್ತು, 14 ತಿಂಗಳಿಗೆ ಬಿಟ್ಟು ಬೆಂಗಳೂರಲ್ಲಿ ಒಂದು ಕಂಪನಿಗೆ ಲೀಗಲ್ ಆಫೀಸರ್ ಅಂತ ಸೇರ್ಕೊಂಡೆ, ಸಂಬಳ 26 ಸಾವಿರ.

ಕಂಪನಿ ಸೇರಿದ್ದನ್ನ ತಪ್ಪು ಅನ್ನಲ್ಲ, ಅವತ್ತು ಮನೆಗೆ ಆ ದುಡ್ಡು ಬೇಕಿತ್ತು. ತಪ್ಪಾಗಿದ್ದು ಬೇರೆ ಕಡೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸನದಲ್ಲಿ 2013ರ ತಾರೀಕಿದೆ, ಅಂದ್ರೆ ನಾನು 2013ರಿಂದ ವಕೀಲ, ಎಲ್ಲಿ ಕೆಲಸ ಮಾಡಿದ್ರೂ ವರ್ಷ ಲೆಕ್ಕಕ್ಕೆ ಬರ್ತಾ ಇರತ್ತೆ ಅಂದ್ಕೊಂಡಿದ್ದೆ. ಹಂಗಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ರೂಲ್ಸಲ್ಲಿ 49ನೇ ನಿಯಮ ಅಂತಿದೆ, ವಕೀಲಿಕೆ ಮಾಡೋನು ಪೂರ್ಣಾವಧಿ ಸಂಬಳದ ನೌಕರ ಆಗಿರಬಾರದು, ಹಂಗೆ ಕೆಲಸಕ್ಕೆ ಸೇರಿದ್ರೆ ರಾಜ್ಯ ಬಾರ್ ಕೌನ್ಸಿಲಿಗೆ ತಿಳಿಸಬೇಕು, ಆ ಕೆಲಸದಲ್ಲಿ ಇರೋವರೆಗೂ ಪ್ರಾಕ್ಟೀಸ್ ನಿಲ್ಲಿಸಬೇಕು. ಅಂದ್ರೆ ಸನದು ಬೀರುವಲ್ಲಿ ಇದ್ದ ಮಾತ್ರಕ್ಕೆ ಪ್ರಾಕ್ಟೀಸ್ ಆಗಲ್ಲ, ಕಂಪನಿಲಿ ಕೂತು ನಾಲ್ಕು ವರ್ಷ ಸೇಲ್ ಡೀಡು, ಇಸಿ (ಋಣಭಾರ ಪತ್ರ), ಅಗ್ರಿಮೆಂಟು ನೋಡಿದ್ರೂ ಆಗಲ್ಲ, ಆ ಕೆಲಸ ಎಷ್ಟೇ ಕಾನೂನಿನದ್ದಾಗಿರ್ಲಿ. ಕಾಲೇಜಲ್ಲಿ ವೃತ್ತಿ ನೀತಿ ಅಂತ ಒಂದು ಪೇಪರೇ ಇತ್ತು, 49 ಬಾಯಿಪಾಠ ಮಾಡಿ ಬರೆದು ಪಾಸಾಗಿದ್ದೆ, ಆದ್ರೆ ಅದು ನನ್ನ ಬಗ್ಗೆನೇ ಹೇಳ್ತಿದೆ ಅಂತ ತಲೆಗೇ ಬಂದಿರ್ಲಿಲ್ಲ. ಬಾರ್ ಕೌನ್ಸಿಲಿಗೆ ಒಂದು ಪತ್ರನೂ ಬರೆದಿರ್ಲಿಲ್ಲ.

ಆಮೇಲೆ ಸಹಾಯಕ ಸರ್ಕಾರಿ ಅಭಿಯೋಜಕರ, ಅಂದ್ರೆ ಕೋರ್ಟಲ್ಲಿ ಸರ್ಕಾರದ ಪರ ಕೇಸ್ ನಡೆಸೋ ವಕೀಲರ, ಹುದ್ದೆಗೆ ಅರ್ಜಿ ಕರೆದ್ರು. ಅನುಭವದ ಸರ್ಟಿಫಿಕೇಟ್ ಬೇಕಿತ್ತು, ಭಾನುವಾರ ಬಸ್ ಹತ್ತಿ ತಿಪಟೂರಿಗೆ ಹೋಗಿ ಸೀನಿಯರ್ ಮನೆ ಬಾಗಿಲಲ್ಲಿ ನಿಂತೆ. ಕಾಫಿ ಕೊಟ್ರು, ಪೂರ್ತಿ ಕೇಳಿದ್ರು, ಆಮೇಲೆ "ನೀನು ನನ್ನ ಹತ್ರ ಇದ್ದಿದ್ದು 14 ತಿಂಗಳು ಕಣಪ್ಪ, 14 ತಿಂಗಳಿಗೆ ಈಗಲೇ ಬರ್ಕೊಡ್ತೀನಿ, ಒಂದು ದಿನ ಜಾಸ್ತಿ ಬರೆಯಲ್ಲ" ಅಂದ್ರು. ಆ ಹುದ್ದೆಗೆ 14 ತಿಂಗಳು ಸಾಲ್ತಿರ್ಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಕೂತು ತುಂಬಾ ಹೊತ್ತು ಎದ್ದಿರ್ಲಿಲ್ಲ ನಾನು. ಮತ್ತೆ ಆ ಹುದ್ದೆಗೆ ಕರೆಯೋಷ್ಟರಲ್ಲಿ ನನ್ನ ವಯಸ್ಸು ಮೀರಿತ್ತು. 2018ರಲ್ಲಿ ಕಂಪನಿ ಬಿಟ್ಟು, ಬಾರ್ ಕೌನ್ಸಿಲಿಗೆ ಎಲ್ಲ ಬರೆದು ತಿಳಿಸಿ, ಆ ಸೀನಿಯರ್ ಆಫೀಸಲ್ಲೇ ಮತ್ತೆ ಜೂನಿಯರ್ ಆಗಿ ಶುರು ಮಾಡ್ದೆ, ನನಗಿಂತ ಏಳೆಂಟು ವರ್ಷ ಚಿಕ್ಕೋರ ಪಕ್ಕದಲ್ಲಿ.

ಈಗ ನಿಮ್ಮ ಲೆಕ್ಕ ಹಾಕಿ. 2025ರ ಮೇ 20ಕ್ಕೆ ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆಗೂ 3 ವರ್ಷದ ವಕೀಲಿಕೆ ಕಡ್ಡಾಯ ಮಾಡಿದೆ. ನನ್ನ ಕಾಲದಲ್ಲಿ ಅದಿರ್ಲಿಲ್ಲ, ಫ್ರೆಶರ್ಸೂ ಬರೀಬಹುದಿತ್ತು. ಈಗ ಸೇರಿದ್ರೆ ಡಿಗ್ರಿ ಮುಗಿಯೋದು 33ಕ್ಕೆ, ಮೂರು ವರ್ಷ ಕೋರ್ಟು ಅಂದ್ರೆ 36, ನಮ್ಮ ರಾಜ್ಯದಲ್ಲಿ ಜನರಲ್ ಕೆಟಗರಿಗೆ ಮಿತಿ 35. ಮೀಸಲಾತಿ ಇದ್ರೆ ಸಡಿಲಿಕೆ ಇದೆ, ನೋಟಿಫಿಕೇಷನ್ ಓದ್ಕೊಳಿ. ಬ್ಯಾಂಕ್ ಲಾ ಆಫೀಸರ್ ಐಬಿಪಿಎಸ್ ಪರೀಕ್ಷೆಗೆ ಜನರಲ್‌ಗೆ 30ರವರೆಗೆ ಅಷ್ಟೇ. ಅಂದ್ರೆ ನೀವು ಸೇಫ್ ಅಂತ ಪಟ್ಟಿ ಮಾಡಿರೋದ್ರಲ್ಲಿ ಎರಡು ಬಾಗಿಲು ನೀವು ಹೋಗೋಷ್ಟರಲ್ಲಿ ಮುಚ್ಚಿರತ್ತೆ. ಕಂಪನಿ ಕೆಲಸ ಹೊರತುಪಡಿಸಿದ್ರೆ ತೆರೆದಿರೋದು ಕೋರ್ಟೇ. ಚೆನ್ನಾಗಿ 7 ವರ್ಷ ಪ್ರಾಕ್ಟೀಸ್ ಮಾಡಿದ್ರೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ದಾರಿ ಇದೆ, ಸಂವಿಧಾನದ 233ನೇ ವಿಧಿಲಿ. ಆದ್ರೆ ವಕೀಲರಾಗಿ ಆ ದಾರಿ ಹಿಡಿಯೋಕೂ ಕಪ್ಪು ಕೋಟು ಹಾಕಿ ದಿನಾ ಓಡಾಡಿರಬೇಕು.

ಅದಕ್ಕೇ 'ಕೆಲಸ ಬಿಡದೆ' ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಕಾಲೇಜಲ್ಲಿ 70% ಹಾಜರಾತಿ ಬೇಕು, ಪರೀಕ್ಷೆಗೆ ಬಂದ್ರೆ ಸಾಕು ಅನ್ನೋ ಏಜೆಂಟರ ಮಾತು ನಂಬಬೇಡಿ, ದೂರಶಿಕ್ಷಣದ ಎಲ್‌ಎಲ್‌ಬಿಗೆ ಸನದು ಸಿಗಲ್ಲ. ಆಮೇಲೆ ಆಲ್ ಇಂಡಿಯಾ ಬಾರ್ ಎಕ್ಸಾಮ್ ಇದೆ, ಅದನ್ನ ಸನದು ತಗೊಂಡ ಎರಡು ವರ್ಷದೊಳಗೆ ಮುಗಿಸ್ಕೊಬೇಕು. ಜೂನಿಯರ್‌ಗೆ ಸಿಟಿಲಿ 20 ಸಾವಿರ, ಹಳ್ಳಿ ಕಡೆ 15 ಸಾವಿರ ಕೊಡಿ ಅಂತ 2024ರಲ್ಲಿ ಬಾರ್ ಕೌನ್ಸಿಲ್ ಶಿಫಾರಸು ಮಾಡಿದೆ, ನಮ್ಮ ತಾಲ್ಲೂಕಲ್ಲಿ ಅಷ್ಟು ಕೊಡೋರನ್ನ ನಾನಿನ್ನೂ ನೋಡಿಲ್ಲ. ಅದಕ್ಕೆ ಈಗಿನ ಸಂಬಳದಲ್ಲೇ ಎರಡು ವರ್ಷದ ಮನೆ ಖರ್ಚು ತೆಗೆದಿಡಿ. ನನ್ನ ಹತ್ರ ಅದಿದ್ದಿದ್ರೆ 14ನೇ ತಿಂಗಳಿಗೆ ಬಿಡ್ತಿರ್ಲಿಲ್ಲ.

ಅಡ್ಮಿಷನ್‌ಗೆ ಮುಂಚೆ ಒಂದು ವಾರ ರಜೆ ಹಾಕಿ ನಿಮ್ಮೂರ ಸಿವಿಲ್ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಕೂತ್ಕೊಳಿ, ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಒಂದು ಪಾಟಿ ಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಯನ್ನ ಪ್ರಶ್ನೆ ಮಾಡೋದು) ಮೊದಲಿಂದ ಕೊನೆವರೆಗೂ ಕೇಳಿ, ಊಟದ ಹೊತ್ತಲ್ಲಿ ಯಾರಾದ್ರೂ ಜೂನಿಯರ್ ಜೊತೆ ಟೀ ಕುಡೀತಾ ಅವರ ದಿನ ಹೆಂಗಿರತ್ತೆ ಕೇಳಿ. ಐದನೇ ದಿನಾನೂ ಹೋಗ್ಬೇಕು ಅನ್ನಿಸಿದ್ರೆ ಬಂದು ಇಲ್ಲೇ ಹೇಳಿ, ಸೀನಿಯರ್ ಹುಡುಕೋದು ಹೆಂಗೆ ಅಂತ ಬರೀತೀನಿ.