ಒಂದೇ ಜಾಗದ ಮೂರು ಕೆಸರು ಕೋರ್‌ಗಳಲ್ಲಿ ಆಮ್ಲಜನಕದ ಲೆಕ್ಕ ಬೇರೆ ಬೇರೆ ಏಕೆ ಬರುತ್ತದೆ?

ಕೆಸರು ಎಷ್ಟು ಆಮ್ಲಜನಕ ಹೀರುತ್ತದೆ ಎಂದು ತಿಳಿಯಲು ಸಮುದ್ರ ತಳದಿಂದ ತೆಗೆದ ಮೂರು ಕೋರ್‌ಗಳನ್ನು (ಕೊಳವೆಯಲ್ಲಿ ಹಾಗೇ ಎತ್ತಿದ ಕೆಸರಿನ ಕಂಬ, ಅದರ ಮೇಲೆ ನೀರು) ಮುಚ್ಚಿಟ್ಟು, ಮೇಲಿನ ನೀರಿನಲ್ಲಿ ಆಮ್ಲಜನಕ ಇಳಿಯುವುದನ್ನು ಅಳೆದರೆ ಮೂರು ಉತ್ತರ ಬರುತ್ತಿದೆ, ಸೆನ್ಸರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಸೆನ್ಸರನ್ನು ಅನುಮಾನಿಸುವ ಮೊದಲು ಕೆಸರಿನ ಮೇಲೆ ನಿಂತ ನೀರನ್ನು ನೋಡಿ. ಅದರ ಎತ್ತರ, ಅದನ್ನು ಕಲಕುವ ರೀತಿ, ಅದರಲ್ಲಿ ಸಿಕ್ಕಿಕೊಂಡ ಗಾಳಿ: ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲೇ.

ಲೆಕ್ಕ ಸರಳ. ಗಂಟೆಗೆ ಆಮ್ಲಜನಕ ಎಷ್ಟು ಇಳಿಯಿತೋ ಅದನ್ನು ನೀರಿನ ಎತ್ತರದಿಂದ ಗುಣಿಸಬೇಕು. ಗಂಟೆಗೆ ಲೀಟರಿಗೆ 5 ಮೈಕ್ರೋಮೋಲ್ ಇಳಿದು, ಎತ್ತರ 10 ಸೆಂ.ಮೀ. ಇದ್ದರೆ ಚದರ ಮೀಟರಿಗೆ ಗಂಟೆಗೆ 0.5 ಮಿಲಿಮೋಲ್, ದಿನಕ್ಕೆ 12 ಮಿಲಿಮೋಲ್. ಈ ಎತ್ತರದಲ್ಲಿ ಅರ್ಧ ಸೆಂ.ಮೀ. ತಪ್ಪಿದರೂ ಉತ್ತರ ಶೇ. 5ರಷ್ಟು ಸರಿಯುತ್ತದೆ. ಕೆಸರಿನ ಮೇಲ್ಮೈ ಎಂದೂ ಸಮತಟ್ಟಾಗಿರುವುದಿಲ್ಲ, ಆದ್ದರಿಂದ ಒಂದೇ ಕಡೆ ಅಳತೆಪಟ್ಟಿ ಹಿಡಿದರೆ ಸಾಲದು. ಕೊನೆಯಲ್ಲಿ ನೀರನ್ನು ಸೈಫನ್ ಮಾಡಿ ಪರಿಮಾಣ ಅಳೆದು, ಕೊಳವೆಯ ಒಳ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸುವುದೇ ನಂಬಿಕೆಯ ದಾರಿ. ನೀರು ಕಡಿಮೆ ಇಟ್ಟರೆ ಇಳಿಕೆ ಬೇಗ ಕಾಣುತ್ತದೆ, ಆದರೆ ಎತ್ತರದ ತಪ್ಪು ಇನ್ನೂ ದೊಡ್ಡದಾಗುತ್ತದೆ. ಒಳವ್ಯಾಸ ಸುಮಾರು 10 ಸೆಂ.ಮೀ. ಇರುವ ಕೊಳವೆಗೆ 10ರಿಂದ 20 ಸೆಂ.ಮೀ. ನೀರು ಹೊಂದುತ್ತದೆ.

ಕೋರ್ ತೆಗೆದ ಕೂಡಲೇ ಮುಚ್ಚಬೇಡಿ. ಕದಡಿದ ಕೆಸರಿನಿಂದ ಮೇಲೆದ್ದ ಕಬ್ಬಿಣದ ಸಲ್ಫೈಡಿನಂಥ ವಸ್ತುಗಳು ಆಮ್ಲಜನಕವನ್ನು ತಿಂದು ಉತ್ತರವನ್ನು ಹಿಗ್ಗಿಸುತ್ತವೆ. ಅದೇ ಜಾಗದ ತಳನೀರು ತುಂಬಿದ ತೊಟ್ಟಿಯಲ್ಲಿ, ತಳದ ಉಷ್ಣತೆಯಲ್ಲೇ, ಕತ್ತಲೆಯಲ್ಲಿ, ಮೇಲಿನ ನೀರಿನ ಆಮ್ಲಜನಕವನ್ನು ತಳದ ಮಟ್ಟದಲ್ಲೇ ಕಾಯ್ದುಕೊಂಡು, 12ರಿಂದ 24 ಗಂಟೆ ಬಿಡಿ. ಮುಚ್ಚಳವನ್ನು ನೀರಿನೊಳಗೇ ಹಾಕಿ. ಒಂದು ಮಿಲಿಲೀಟರ್ ಗಾಳಿಗುಳ್ಳೆಯಲ್ಲಿ 20 ಡಿಗ್ರಿಯಲ್ಲಿ ಸುಮಾರು 9 ಮೈಕ್ರೋಮೋಲ್ ಆಮ್ಲಜನಕ ಇರುತ್ತದೆ. ಮುಕ್ಕಾಲು ಲೀಟರ್ ನೀರಿಗೆ ಅದು ಸೇರಿದರೆ ಮೇಲಿನ ಉದಾಹರಣೆಯ ಎರಡು ಗಂಟೆಗೂ ಹೆಚ್ಚಿನ ಇಳಿಕೆಯನ್ನೇ ನುಂಗಿಬಿಡುತ್ತದೆ.

ಇನ್ನು ಕಲಕುವುದು. ಕೆಸರಿಗೆ ಅಂಟಿದಂತೆ ಮಿಲಿಮೀಟರಿಗಿಂತ ತೆಳುವಾದ, ಹೆಚ್ಚುಕಡಿಮೆ ನಿಂತ ನೀರಿನ ಪದರ ಇರುತ್ತದೆ. ಆಮ್ಲಜನಕ ಅದನ್ನು ವಿಸರಣೆಯಿಂದಲೇ, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿ ಹರಡಿಕೊಂಡೇ, ದಾಟಬೇಕು. ಕಲಕದಿದ್ದರೆ ಪದರ ದಪ್ಪವಾಗಿ ಕೆಸರಿಗೆ ಸೇರುವ ಆಮ್ಲಜನಕ ಕುಗ್ಗುತ್ತದೆ, ಸೆನ್ಸರ್ ಇರುವ ಜಾಗದ ಓದು ಇಡೀ ನೀರನ್ನು ಪ್ರತಿನಿಧಿಸುವುದೂ ಇಲ್ಲ. ಜೋರಾಗಿ ಕಲಕಿದರೆ ಕೆಸರು ಏಳುತ್ತದೆ. ಅಯಸ್ಕಾಂತದ ಕಡ್ಡಿಯನ್ನು ಕೆಸರಿನಿಂದ ಕೆಲವು ಸೆಂ.ಮೀ. ಮೇಲೆ ತೂಗುಹಾಕಿ, ಬೇರೊಂದು ಕೋರ್‌ನಲ್ಲಿ ಬಣ್ಣದ ಹನಿ ಬಿಟ್ಟು ಪರೀಕ್ಷಿಸಿ: ಬಣ್ಣ ಬೇಗನೆ ಎಲ್ಲೆಡೆ ಹರಡಬೇಕು, ಕೆಸರು ಮಾತ್ರ ಕದಲಬಾರದು. ಆ ವೇಗವನ್ನೇ ಎಲ್ಲ ಕೋರ್‌ಗಳಿಗೂ ಇಡಿ. ಮೂರಕ್ಕೂ ಒಂದೇ ವೇಗ ಇರಲಿಲ್ಲವೆಂದರೆ ಆ ಫಲಿತಾಂಶಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಆಮ್ಲಜನಕ ಆರಂಭದ ಮಟ್ಟಕ್ಕಿಂತ ಶೇ. 15–20ರಷ್ಟು ಇಳಿದಾಗ ನಿಲ್ಲಿಸಿ. ಅದಕ್ಕಿಂತ ಇಳಿದರೆ ಹೀರುವ ವೇಗವೇ ಬದಲಾಗಿ, ಸಮಯಕ್ಕೆ ಆಮ್ಲಜನಕ ಇಳಿಯುವುದನ್ನು ತೋರಿಸುವ ಗೆರೆ ಬಾಗತೊಡಗುತ್ತದೆ. ಕೆಸರಿಲ್ಲದೆ ಬರೀ ತಳನೀರು ತುಂಬಿದ ಕೊಳವೆಯನ್ನೂ ಜೊತೆಗಿಟ್ಟು, ಅದರ ಇಳಿಕೆಯನ್ನು ಕಳೆಯಿರಿ. ಆಪ್ಟೋಡ್ (ಬೆಳಕಿನಿಂದ ಆಮ್ಲಜನಕ ಅಳೆಯುವ ಸೆನ್ಸರ್) ಬಳಸುತ್ತಿದ್ದರೆ ಲವಣಾಂಶವನ್ನು ತುಂಬಲು ಮರೆಯಬೇಡಿ. 20 ಡಿಗ್ರಿಯಲ್ಲಿ, ಗಾಳಿಯಿಂದ ಹಿಡಿಯುವಷ್ಟೂ ಆಮ್ಲಜನಕ ಹೀರಿಕೊಂಡ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 284 ಮೈಕ್ರೋಮೋಲ್ ಇದ್ದರೆ, 35 ಲವಣಾಂಶದ ಸಮುದ್ರದ ನೀರಿನಲ್ಲಿ ಸುಮಾರು 231 ಮಾತ್ರ.

ಇಷ್ಟೆಲ್ಲ ಸರಿಯಿದ್ದೂ ವ್ಯತ್ಯಾಸ ಉಳಿದರೆ ಅದು ಬಹುಶಃ ತಪ್ಪಲ್ಲ, ಹುಳುಗಳು. ಬಿಲದೊಳಗೆ ನೀರು ಎಳೆದುಕೊಳ್ಳುವ ಒಂದೇ ದೊಡ್ಡ ಹುಳು ಕೋರ್‌ನ ಲೆಕ್ಕವನ್ನು ಬಹಳಷ್ಟು ಮೇಲೇರಿಸಬಲ್ಲದು. ಸೂಜಿಯಂಥ ಮೈಕ್ರೋಸೆನ್ಸರನ್ನು ಕೆಸರಿಗಿಳಿಸಿ ತೆಗೆದ ಇಳಿಜಾರು, ಅಂದರೆ ಆಳಕ್ಕೆ ಹೋದಂತೆ ಆಮ್ಲಜನಕ ಇಳಿಯುವ ರೀತಿ, ವಿಸರಣೆಯ ಪಾಲನ್ನಷ್ಟೇ ಹೇಳುತ್ತದೆ. ಕೋರ್‌ನ ಒಟ್ಟು ಲೆಕ್ಕ ಅದಕ್ಕಿಂತ ಹೆಚ್ಚು ಬಂದರೆ, ಆ ಅಂತರದಲ್ಲಿ ಪ್ರಾಣಿಗಳ ಪಾಲು ದೊಡ್ಡದು. ತಳ ಒರಟು ಮರಳಿನದಾಗಿದ್ದರೆ ಮಾತ್ರ ಕೋರ್ ಹಾದಿಯನ್ನೇ ಬಿಡಿ ಎನ್ನುತ್ತೇನೆ. ಅಲ್ಲಿ ನೀರು ಮರಳಿನೊಳಗೇ ಹರಿಯುತ್ತದೆ, ಕೊಳವೆ ಆ ಹರಿವನ್ನು ತಡೆಯುತ್ತದೆ. ನೀರಿನ ವೇಗವನ್ನೂ ಆಮ್ಲಜನಕವನ್ನೂ ತಳದ ಮೇಲೆ ಒಟ್ಟಿಗೆ ಅಳೆಯುವ ಎಡ್ಡಿ ಕೋವೇರಿಯನ್ಸ್ ವಿಧಾನವೇ ಅಲ್ಲಿಗೆ ಸೂಕ್ತ.

ಕೆಸರಾದರೆ ಮೂರರ ಬದಲು ಐದಾರು ಕೋರ್ ತೆಗೆಯಿರಿ. ಅಳತೆ ಮುಗಿದ ಮೇಲೆ ಪ್ರತಿಯೊಂದನ್ನೂ 0.5 ಮಿ.ಮೀ. ಜರಡಿಯಲ್ಲಿ ತೊಳೆದು, ಸಿಕ್ಕ ಪ್ರಾಣಿಗಳ ಎಣಿಕೆ ಮತ್ತು ತೂಕವನ್ನು ಆಯಾ ಕೋರ್‌ನ ಅಂಕಿಯ ಪಕ್ಕದಲ್ಲೇ ಬರೆದಿಡಿ.