ಹೊಸ ಅಲಾಯ್ ವೀಲ್‌ಗೆ ಟೈರ್ ಹಾಕಿಸಲು ನಂಬಿಕಸ್ಥ ಅಂಗಡಿ ಗುರುತಿಸುವುದು ಹೇಗೆ?

ವೀಲ್ ಒಂದು ಕಡೆ, ಟೈರ್ ಇನ್ನೊಂದು ಕಡೆ ಕೊಂಡಿದ್ದೀರಿ. ಗೀರು ಬೀಳದಂತೆ, ಸರಿಯಾಗಿ ಹಾಕಿಕೊಡುವವರನ್ನು ಹೇಗೆ ಹುಡುಕೋದು ಅಂತ ಕೇಳಿದ್ದೀರಿ. ದೊಡ್ಡ ಬೋರ್ಡು, ದುಬಾರಿ ಮೆಷಿನ್ ನೋಡಿ ತೀರ್ಮಾನ ಮಾಡಬೇಡಿ. ನಾಲ್ಕನ್ನೂ ಒಟ್ಟಿಗೆ ಒಪ್ಪಿಸಲೂಬೇಡಿ. ಒಂದೇ ವೀಲ್ ಕೊಟ್ಟು, ಅದು ಮುಗಿಯುವವರೆಗೆ ನಿಂತು ನೋಡಿ. ಉಳಿದ ಮೂರರ ಮಾತು ಆಮೇಲೆ. ಮೆಷಿನ್ ಹತ್ತಿರ ಗಿರಾಕಿಗಳನ್ನು ಬಿಡದ ಅಂಗಡಿಗಳೂ ಇವೆ, ಅದು ತಪ್ಪಲ್ಲ. ದೂರದಿಂದಾದರೂ ಕೆಲಸ ಕಣ್ಣಿಗೆ ಬೀಳುವಂತಿದ್ದರೆ ಸಾಕು.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮುಗಿಸಿಕೊಳ್ಳಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟೈರ್ ಇಲ್ಲದ ಬರಿ ವೀಲನ್ನು ಹಬ್‌ಗೆ, ಅಂದರೆ ಕಾರಿನಲ್ಲಿ ವೀಲ್ ಕೂರುವ ನಡುಭಾಗಕ್ಕೆ, ಕೂರಿಸಿ, ನಟ್‌ಗಳನ್ನು ಕೈಯಲ್ಲೇ ಬಿಗಿದು ತಿರುಗಿಸಿ. ಮುಂದಿನ ಹಬ್, ಹಿಂದಿನ ಹಬ್ ಎರಡರಲ್ಲೂ ನೋಡಬೇಕು. ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಎಲ್ಲಿಯೂ ತಾಗಬಾರದು. ಚಕ್ರ ನಡುಗದೆ ಸಮವಾಗಿ ತಿರುಗಲೆಂದು ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕಕ್ಕೂ ಕೆಲವು ಮಿಲಿಮೀಟರ್ ಜಾಗ ಬೇಕು ಅನ್ನೋದನ್ನು ಮರೆಯಬೇಡಿ. ಒಮ್ಮೆ ಟೈರ್ ಏರಿಸಿದ ವೀಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳುವುದು ಅಪರೂಪ. ಟೈರ್ ಅಗಲಕ್ಕೂ ರಿಮ್ ಅಗಲಕ್ಕೂ ಹೊಂದಿಕೆ ಇರಲೇಬೇಕು: 205/55 ಆರ್16 ಟೈರ್‌ಗೆ 5.5ರಿಂದ 7.5 ಇಂಚು ಅಗಲದ ರಿಮ್ ನಡೆಯುತ್ತದೆ, ಅದರಾಚೆಗೆ ಇಲ್ಲ. ಇದನ್ನು ನೀವು ಹೇಳುವ ಮೊದಲೇ ರಿಮ್ ತಿರುಗಿಸಿ ಅಳತೆ ಓದಿ, "ಇದು ಇದಕ್ಕೆ ಕೂರಲ್ಲ ಸರ್" ಅಂದು ಬಂದ ಕೆಲಸವನ್ನೇ ಬಿಡುವವನು ಸಿಕ್ಕರೆ ಅವನ ನಂಬರ್ ಇಟ್ಟುಕೊಳ್ಳಿ.

ಫೋನಿನಲ್ಲೇ ಕೇಳಬಹುದಾದದ್ದು ಎರಡು. ಹೊರಗಿನಿಂದ ತಂದ ಟೈರ್ ಹಾಕುವಾಗ ರಿಮ್‌ಗೆ ಪೆಟ್ಟಾದರೆ ಹೊಣೆ ಯಾರದು? ಕೊನೆಯಲ್ಲಿ ನಟ್ ಯಾವುದರಲ್ಲಿ ಬಿಗಿಯುತ್ತೀರಿ? ಎರಡನೆಯದಕ್ಕೆ "ಗನ್‌ನಲ್ಲೇ (ನಟ್ ಬಿಗಿಯುವ ಮೆಷಿನ್), ಏನೂ ಆಗಲ್ಲ" ಅನ್ನುವ ಉತ್ತರ ಬಂದರೆ ನಾನಾದರೆ ಅಲ್ಲಿಗೇ ಬಿಡುತ್ತೇನೆ. ಕೆಲಸಕ್ಕೆ ಕೊಡುವ ಮುಂಚೆ ನಾಲ್ಕೂ ವೀಲ್‌ಗಳ ಅಂಚಿನ ಫೋಟೋ ಅವರ ಎದುರಿಗೇ ತೆಗೆಯಿರಿ.

ಇನ್ನು ಮೆಷಿನ್. ರಿಮ್ ಹಿಡಿಯುವ ಕ್ಲಾಂಪಿಗೂ ಟೈರ್ ಏರಿಸುವ ತೋಳಿನ ತುದಿಗೂ ಪ್ಲಾಸ್ಟಿಕ್ ಕವಚ ಇರುತ್ತದೆ. ಅದು ಸವೆದು ಕಬ್ಬಿಣ ಇಣುಕುತ್ತಿದೆಯಾ ನೋಡಿ. ಗೀರು ಬೀಳುವುದು ಬಹುಪಾಲು ಅಲ್ಲೇ. ತೋಳಿನ ತುದಿ ರಿಮ್ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಎತ್ತರದಲ್ಲಿ ನಿಲ್ಲಬೇಕು, ಉಜ್ಜಬಾರದು. ಲಿವರ್ (ಟೈರ್ ಎಬ್ಬುವ ಸಲಾಕೆ) ಇಲ್ಲದೆ ಏರಿಸುವ ಮೆಷಿನ್ ಒಳ್ಳೆಯದೇ, ಆದರೆ ಅವಸರದ ಕೈಗೆ ಸಿಕ್ಕರೆ ಅದೂ ಅಷ್ಟಕ್ಕಷ್ಟೆ.

ಕೈಚಳಕ ಗೊತ್ತಾಗುವುದು ಬೀಡ್, ಅಂದರೆ ರಿಮ್ ಮೇಲೆ ಕೂರುವ ಟೈರ್‌ನ ಒಳಅಂಚು, ಏರಿಸುವಾಗ. ರಿಮ್‌ನ ಒಳಮೈಯಲ್ಲಿ ಸುತ್ತಲೂ ಒಂದು ತಗ್ಗು ಇರುತ್ತದೆ. ಬೀಡ್‌ನ ಒಂದು ಬದಿ ಆ ತಗ್ಗಿಗೆ ಇಳಿದರೆ ಮಾತ್ರ ಎದುರು ಬದಿ ಅಂಚನ್ನು ಸಲೀಸಾಗಿ ದಾಟುತ್ತದೆ. ಸಾಮಾನ್ಯವಾಗಿ ಈ ತಗ್ಗು ವೀಲ್‌ನ ಮುಖದ ಕಡೆಗೆ ಹತ್ತಿರ. ಕೆಲವು ಅಲಾಯ್‌ಗಳಲ್ಲಿ ಹಿಂಬದಿಗೆ ಹತ್ತಿರ. ಅಂಥವನ್ನು ಬೋರಲು ಹಾಕಿ ಹಿಂದಿನಿಂದ ಏರಿಸಬೇಕು. ಇದು ಗೊತ್ತಿಲ್ಲದವನು ಟೈರ್ ಬಿಗಿಯಾಗಿದೆ ಅಂದುಕೊಂಡು ಇನ್ನೊಂದು ಲಿವರ್ ಹಾಕಿ ಎಳೆಯುತ್ತಾನೆ. ಬೀಡ್‌ನ ರಬ್ಬರ್ ಹರಿಯುತ್ತದೆ, ಒಳಗಿನ ಉಕ್ಕಿನ ತಂತಿ ಬಾಗಬಹುದು. ಹೊರಗೆ ಏನೂ ಕಾಣುವುದಿಲ್ಲ, ಗಾಳಿ ಮಾತ್ರ ನಿಧಾನಕ್ಕೆ ಇಳಿಯುತ್ತಿರುತ್ತದೆ. ಕೆಲಸ ಬಲ್ಲವನು ಬಿಗಿ ಅನ್ನಿಸಿದ ಕೂಡಲೇ ಮೆಷಿನ್ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಬೀಡ್ ತಗ್ಗಿಗೆ ಇಳಿದಿದೆಯಾ ಅಂತ ಕೈಯಲ್ಲಿ ಒತ್ತಿ ನೋಡುತ್ತಾನೆ.

ಬೀಡ್‌ಗೆ ಸವರುವುದು ಟೈರ್ ಪೇಸ್ಟ್ ಆಗಿರಬೇಕು. ಗ್ರೀಸ್, ಎಂಜಿನ್ ಆಯಿಲ್ ರಬ್ಬರನ್ನು ಕೆಡಿಸುತ್ತವೆ, ಮೇಲಾಗಿ ಜೋರಾಗಿ ಬ್ರೇಕ್ ಹಾಕಿದಾಗ ಟೈರ್ ರಿಮ್ ಮೇಲೆಯೇ ಜಾರುತ್ತದೆ. ಗಾಳಿ ತುಂಬುವಾಗ ಎರಡು ಬದಿಗೆ ಎರಡು ಸಲ 'ಟಪ್' ಅಂತ ಸದ್ದು ಬರಬೇಕು. ಕಾರ್ ಟೈರ್ 40 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಒಳಗೆ ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಪೇಸ್ಟ್ ಸವರಿ ತುಂಬಬೇಕು. ಮುಖ ಬಗ್ಗಿಸಿಕೊಂಡು ಮೀಟರ್ ನೋಡದೆ ಒತ್ತುತ್ತಲೇ ಹೋಗುವವನ ಹತ್ತಿರ ನೀವು ನಿಲ್ಲಲೂಬೇಡಿ. ಕೂತ ಮೇಲೆ ರಿಮ್ ಅಂಚಿನ ಪಕ್ಕದಲ್ಲಿ ಟೈರ್ ಮೇಲೆ ಒಂದು ತೆಳು ಗೆರೆ ಕಾಣುತ್ತದೆ. ಸುತ್ತಲೂ ಒಂದೇ ಅಂತರದಲ್ಲಿದ್ದರೆ ಸರಿ. ಬಾಣದ ಗುರುತಿರುವ ಟೈರ್‌ನಲ್ಲಿ ತಿರುಗುವ ದಿಕ್ಕು, ಹೊರಮೈ ಅಂತ ಬರೆದಿರುವ ಟೈರ್‌ನಲ್ಲಿ ಆ ಮೈ ಹೊರಗೆ: ಇದನ್ನು ನೀವೇ ಒಮ್ಮೆ ನೋಡಿಬಿಡಿ. ಹೊಸ ವೀಲ್‌ಗೆ ಹಳೆ ವಾಲ್ವ್ ಬೇಡ. ಗಾಳಿ ಒತ್ತಡದ ಸೆನ್ಸರ್ ಹಳೆಯದನ್ನೇ ಬಳಸುವುದಾದರೆ ಅದರ ಸೀಲ್, ನಟ್, ವಾಲ್ವ್ ಕೋರ್ ಹೊಸದಿರಲಿ.

ಬ್ಯಾಲೆನ್ಸಿಂಗ್ ಬಗ್ಗೆ ಒಂದೇ ಪರೀಕ್ಷೆ ಹೇಳುತ್ತೇನೆ, ಇದರಲ್ಲಿ ಎಲ್ಲ ಬಯಲಾಗುತ್ತದೆ. ಮೆಷಿನ್ ಎರಡೂ ಬದಿಗೆ ಸೊನ್ನೆ ತೋರಿಸಿದ ಮೇಲೆ ವೀಲ್ ಸಡಿಲಿಸಿ, ಶಾಫ್ಟ್ ಮೇಲೆ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. 5 ಗ್ರಾಂ ಹೆಚ್ಚುಕಮ್ಮಿ ಬಂದರೆ ಪರವಾಗಿಲ್ಲ. 20, 30 ಬಂದರೆ ವೀಲ್ ನಡುಮಧ್ಯಕ್ಕೆ ಕೂತಿರಲಿಲ್ಲ ಅಂತಲೇ ಅರ್ಥ. ವೀಲನ್ನು ಶಾಫ್ಟ್ ನಡುವಿಗೆ ಕೂರಿಸುವ ಕೋನ್‌ನ ಅಳತೆ ತಪ್ಪಿರಬಹುದು, ಇಲ್ಲವೇ ನಡುವೆ ಕೊಳೆ ಕೂತಿರಬಹುದು. ಆಗ ಮೊದಲಿನ ಸೊನ್ನೆಗೆ ಬೆಲೆಯೇ ಇಲ್ಲ. ಒಂದೇ ಬದಿಗೆ 60 ಗ್ರಾಂ ದಾಟಿ ತೂಕ ಕೇಳಿದರೆ ಅಂಟಿಸುತ್ತಾ ಹೋಗುವ ಬದಲು ಗಾಳಿ ಬಿಟ್ಟು, ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ನೋಡಬೇಕು. ಅಲಾಯ್‌ಗೆ ಅಂಟಿಸುವ ತೂಕವೇ ಸರಿ, ಅದೂ ಜಾಗ ಒರೆಸಿ ಒಣಗಿಸಿದ ಮೇಲೆ.

ಕಾರಿಗೆ ಕೂರಿಸುವಾಗ ಹಬ್ ಮೇಲಿನ ತುಕ್ಕನ್ನು ಬ್ರಷ್‌ನಿಂದ ಉಜ್ಜಬೇಕು. ವೀಲ್‌ನ ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಬ್ಯಾಲೆನ್ಸ್ ಸರಿಯಿದ್ದೂ ಸ್ಟೀರಿಂಗ್ ನಡುಗುವ ಸಾಧ್ಯತೆ ಇದೆ. ನಟ್ ಕೂರುವ ಜಾಗ ಕೋನ್ ಆಕಾರವೋ ಗೋಲವೋ ಚಪ್ಪಟೆಯೋ ಅಂತ ನೋಡಿ. ನಟ್ ಕೂಡ ಅದೇ ಆಕಾರದ್ದಿರಬೇಕು. ಎದುರುಬದುರಾಗಿ ಬಿಗಿಯುತ್ತಾ ಬಂದು, ಚಕ್ರ ನೆಲಕ್ಕೆ ಇಳಿಸಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮುಗಿಸಬೇಕು. ಎಷ್ಟು ನ್ಯೂಟನ್ ಮೀಟರ್ ಅನ್ನೋದು ನಿಮ್ಮ ಕಾರಿನ ಕೈಪಿಡಿಯಲ್ಲಿದೆ, ಎಷ್ಟೋ ಕಾರುಗಳಿಗೆ ಅದು 100ರಿಂದ 120ರ ಆಸುಪಾಸು. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಬೇಕು.

ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ನೈಟ್ರೋಜನ್ 78% ಇದೆ, ಆ ದುಡ್ಡು ಉಳಿಸಿ. ಹಳೆ ನಟ್‌ಗಳನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟು ಬರಬೇಡಿ: ಸ್ಟೆಪ್ನಿ ಹಳೆ ಸ್ಟೀಲ್ ರಿಮ್ ಆಗಿದ್ದರೆ ಅಲಾಯ್ ನಟ್ ಅದಕ್ಕೆ ಸರಿಯಾಗಿ ಕೂರದೇ ಇರಬಹುದು, ಒಂದು ಚಕ್ರಕ್ಕಾಗುವಷ್ಟಾದರೂ ಡಿಕ್ಕಿಯಲ್ಲಿರಲಿ.